ಒಂದು ಮಳಿಗೆ, ಒಂದೇ ಹೆಸರು

ಸತ್ತವರು ಬಾಡಿಗೆ ಕಟ್ಟುವುದಿಲ್ಲ ಎಂಬ ಸರಳ ಸತ್ಯವನ್ನು ನಮ್ಮ ಮನೆಯವರಿಗೆ ಒಪ್ಪಿಸಲು ನನಗೆ ಒಂದಿಡೀ ಬೇಸಿಗೆ ಹಿಡಿಯಿತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇದಕ್ಕಿಂತ ಎಷ್ಟೋ ಕಠಿಣವಾದ ವಿಷಯಗಳನ್ನು, ಕೆಲವೊಮ್ಮೆ ನನಗೇ ನಂಬಿಕೆಯಿಲ್ಲದ ಪಕ್ಷದಲ್ಲಿ ನಿಂತು, ಗೆದ್ದುಕೊಂಡು ಬಂದವಳು ನಾನು. ಆ ಪಾರಿತೋಷಕಗಳು ಈಗಲೂ ಪಾಂಡವಪುರದ ನಮ್ಮ ನಡುಮನೆಯ ಗಾಜಿನ ಬೀರುವಿನಲ್ಲಿವೆ. ಅವುಗಳ ಪಕ್ಕದಲ್ಲೇ ಕುಳಿತು ಎಲೆಗೆ ಸುಣ್ಣ ಸವರುತ್ತ ದೊಡ್ಡಪ್ಪ, "ಸತ್ತೋರ್ ಎಸ್ರು ಪುಸ್ತಕದಲ್ಲಿದ್ರೆ ನಿಂಗೇನ್ ಕಣಮ್ಮಿ ನೋವು? ಅವ್ರೇನ್ ಎದ್ದು ಬಂದು ಜಾಗ ಕೇಳ್ತಾರಾ?" ಎಂದು ನನ್ನ ವಾದವನ್ನೆಲ್ಲ ಎರಡು ವಾಕ್ಯದಲ್ಲಿ ಮುಗಿಸಿಬಿಡುತ್ತಿದ್ದರು.

ವಿಷಯ ಇಷ್ಟು. ತಾತನ ಕಾಲದ ಬೆಲ್ಲದ ವ್ಯಾಪಾರದ ಗಳಿಕೆಯೆಲ್ಲ ಇಟ್ಟಿಗೆಯಾಗಿ, ಗಾರೆಯಾಗಿ ನಾಲ್ಕು ಊರುಗಳಲ್ಲಿ ಹರಡಿಕೊಂಡಿತ್ತು. ಶ್ರೀರಂಗಪಟ್ಟಣದಲ್ಲಿ ಒಂದು ವಠಾರ, ಪಾಂಡವಪುರದಲ್ಲಿ ಮಳಿಗೆಗಳ ಒಂದು ಸಾಲು, ನಾಗಮಂಗಲದಲ್ಲಿ ಒಂದೆರಡು ಅಂಗಡಿ, ಕೆ.ಆರ್. ಪೇಟೆಯಲ್ಲಿ ಬಡಗಿಗಳ ಒಂದು ದೊಡ್ಡ ಮಳಿಗೆ. ಇವೆಲ್ಲದರ ಬಾಡಿಗೆಯ ವಹಿವಾಟನ್ನು ದೊಡ್ಡಪ್ಪ ಒಬ್ಬರೇ ಒಂದು ಕೈಚೀಲ, ಕೆಂಪು ಬಟ್ಟೆಯ ಹೊದಿಕೆಯ ಲೆಕ್ಕದ ಪುಸ್ತಕ ಮತ್ತು ಒಂದು ರಸೀದಿ ಪುಸ್ತಕ ಹಿಡಿದುಕೊಂಡು, ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿದು ನಡೆಸುತ್ತಿದ್ದರು. ಮೊಣಕಾಲು ಸೋತು ಬಸ್ಸಿನ ಮೆಟ್ಟಿಲು ಎತ್ತರವಾಗಿ ಕಾಣತೊಡಗಿದ ಮೇಲೆ ಆ ಕೈಚೀಲ ನನ್ನ ಹೆಗಲಿಗೆ ಬಂತು.

ನಾನು ಅದನ್ನು ವಸೂಲಿಯ ಕೆಲಸವೆಂದು ಒಪ್ಪಿಕೊಳ್ಳಲಿಲ್ಲ. ಸುಧಾರಣೆಯ ಅವಕಾಶವೆಂದು ಒಪ್ಪಿಕೊಂಡೆ. ನನ್ನ ತಿಳಿವಳಿಕೆಯಲ್ಲಿ ರಸೀದಿಯೆಂಬುದು ಮಾಲೀಕನ ಅನುಕೂಲಕ್ಕಿರುವ ಚೀಟಿಯಲ್ಲ, ಬಾಡಿಗೆದಾರನ ಹಕ್ಕು. ಅರ್ಧ ಆಯುಷ್ಯವನ್ನು ಒಂದೇ ಮಳಿಗೆಯಲ್ಲಿ ದುಡಿದು ಕಳೆದವನನ್ನು ನಾಳೆ ನಮ್ಮ ಮನೆಯ ಯಾರೋ ಒಬ್ಬರು ಸಿಟ್ಟಿನಲ್ಲಿ "ನೀನು ಯಾರಯ್ಯಾ?" ಎಂದು ಕೇಳಿದರೆ ಅವನು ಏನನ್ನು ತೋರಿಸಬೇಕು? ದೊಡ್ಡಪ್ಪ ಒಳ್ಳೆಯವರು, ನಿಜ. ಆದರೆ ಒಬ್ಬ ಒಳ್ಳೆಯ ಮನುಷ್ಯನ ನೆನಪಿನ ಮೇಲೆ ನಿಂತ ವ್ಯವಸ್ಥೆ ಅವನ ಮೊಣಕಾಲಿನಷ್ಟೇ ಗಟ್ಟಿ. ಈ ಮಾತನ್ನು ನಾನು ಮನೆಯವರೆಲ್ಲ ಕೂಡಿದ್ದ ಒಂದು ಭಾನುವಾರ ಎದ್ದು ನಿಂತೇ ಹೇಳಿದೆ. ಅಪ್ಪ ತಲೆದೂಗಿದರು. ಅತ್ತೆ ಚಪ್ಪಾಳೆ ತಟ್ಟಿದರು. ದೊಡ್ಡಪ್ಪ ಮೊಣಕಾಲು ನೀವಿಕೊಂಡರು.

ಹೀಗೆ ಮೈಸೂರಿನ ಒಂದು ಸಂಸ್ಥೆಯಿಂದ ಬಾಡಿಗೆ ನಿರ್ವಹಣೆಯ ತಂತ್ರಾಂಶವನ್ನು ಕೊಂಡದ್ದಾಯಿತು. ಪುಸ್ತಕದಲ್ಲಿದ್ದುದನ್ನೆಲ್ಲ ಅದರೊಳಗೆ ತುಂಬಿಸಲು ಕುಳಿತಾಗ ನನ್ನ ತಾಳ್ಮೆಯ ನಿಜವಾದ ಪರೀಕ್ಷೆ ಆರಂಭವಾಯಿತು. ಮಳಿಗೆಯ ಸಂಖ್ಯೆ ಎಂಬ ಜಾಗದಲ್ಲಿ ಏನು ಬರೆಯಬೇಕು? ದೊಡ್ಡಪ್ಪನ ಪುಸ್ತಕದಲ್ಲಿ ನಾಗಮಂಗಲದ ಅಂಗಡಿ 'ಬೇವಿನಮರದ ಅಂಗಡಿ'. ಹೋಗಿ ನೋಡಿದರೆ ಅಲ್ಲಿ ಬೇವಿನ ಮರವಿಲ್ಲ. ರಸ್ತೆ ಅಗಲ ಮಾಡುವಾಗ ಅದನ್ನು ಕಡಿದು, ಕಡಿದವರೂ ಆ ಸಂಗತಿಯನ್ನು ಮರೆತಿದ್ದರು. ಅಂಗಡಿಯ ಹಿತ್ತಾಳೆ ಪಾತ್ರೆಯ ವ್ಯಾಪಾರಿ ಮಾತ್ರ ಬರಿದಾದ ಆಕಾಶವನ್ನು ತೋರಿಸಿ, "ಇದೇ ಕಣವ್ವ ಬೇವಿನ್ಮರ" ಎಂದು ಗಂಭೀರವಾಗಿ ಹೇಳಿದ. ಬಾಡಿಗೆಯ ದಿನ ಎಂಬ ಜಾಗದಲ್ಲಿ ಪಾಂಡವಪುರದ ಮಳಿಗೆಗಳಿಗೆ ಏನು ಬರೆಯಲಿ? ಪುಸ್ತಕದಲ್ಲಿದ್ದುದು 'ಕಬ್ಬಿನ ಬಿಲ್ಲು ಆದ ಮೇಲೆ', ಅಂದರೆ ಕಾರ್ಖಾನೆಯಿಂದ ಕಬ್ಬಿನ ಹಣ ಕೈಗೆ ಬಂದ ಮೇಲೆ. ತಂತ್ರಾಂಶಕ್ಕೆ ಕಬ್ಬು ಗೊತ್ತಿಲ್ಲ. ಅದಕ್ಕೆ ಒಂದನೇ ತಾರೀಖು ಗೊತ್ತು.

ಶ್ರೀರಂಗಪಟ್ಟಣದ ವಠಾರದವರಿಗಂತೂ ಅದು ಮೊದಲ ತಿಂಗಳೇ ಶುಕ್ರವಾರದ ಸಂಜೆ, ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ, ಬಾಡಿಗೆ ಕೊಡಿ ಎಂಬ ಸಂದೇಶವನ್ನು ಎಲ್ಲರಿಗೂ ಒಟ್ಟಿಗೆ ಕಳಿಸಿತು. ಮೊದಲ ಮನೆಯ ಗೃಹಿಣಿ ನನಗೆ ಫೋನು ಮಾಡಿದ ಬಗೆ ಇನ್ನೂ ಕಿವಿಯಲ್ಲಿದೆ. "ಏನವ್ವಾ, ಓದ್ದೋಳು ನೀನು. ಶುಕ್ರವಾರ ಮುಸ್ಸಂಜೆಲಿ ಯಾರಾದ್ರೂ ಮನೆ ಲಕ್ಷ್ಮೀನ ಈಚೆ ಕಳ್ಸು ಅಂತಾರಾ? ನಿಮ್ ದೊಡ್ಡಪ್ಪಾರು ಶನಿವಾರ ಬಂದು ಕಾಫಿ ಕುಡ್ದು ಓಗೋರು." ಆ ಸಂದೇಶವನ್ನು ನಾನು ಕಳಿಸಲಿಲ್ಲ, ಯಂತ್ರ ಕಳಿಸಿತು ಎಂದೆ. "ಅಂಗಾರೆ ಬಾಡ್ಗೇನೂ ಅದೇ ಬಂದು ಇಸ್ಕಳ್ಳಿ" ಎಂದು ಅವರು ಫೋನಿಟ್ಟರು. ಸಂದೇಶದ ವಾರವನ್ನು ಬದಲಿಸಲು ಸಾಧ್ಯವೇ ಎಂದು ಸಂಸ್ಥೆಯವರನ್ನು ಕೇಳಿದಾಗ, ತಾರೀಖು ಬದಲಿಸಬಹುದು, ವಾರ ಬದಲಿಸಲಾಗದು ಎಂಬ ಉತ್ತರ ಬಂತು.

ಇವೆಲ್ಲ ಸೊಳ್ಳೆ ಕಡಿತ. ಹೇಳಬೇಕಾಗಿರುವುದು ಕೆ.ಆರ್. ಪೇಟೆಯ ಮಳಿಗೆಯ ಸಂಗತಿ.

ಆ ಮಳಿಗೆಯಲ್ಲಿ ಬಡಗಿ ಕೆಲಸದ ಅಣ್ಣತಮ್ಮಂದಿರಿಬ್ಬರಿದ್ದಾರೆ. ಊರವರು ಹಿರಿಯರನ್ನು ದೊಡ್ಡಾಚಾರ್ರು ಎಂದೂ ಕಿರಿಯರನ್ನು ಚಿಕ್ಕಾಚಾರ್ರು ಎಂದೂ ಕರೆಯುತ್ತಾರೆ. ಬಾಗಿಲು, ಕಿಟಕಿಯ ಚೌಕಟ್ಟು, ಮಂಚ ಅವರ ಕೈಕೆಲಸ. ಮಳಿಗೆಯನ್ನು ಬಾಡಿಗೆಗೆ ಹಿಡಿದವರು ಅವರ ತಂದೆ. ಅವರು ತೀರಿಕೊಂಡು ಎಷ್ಟೋ ಕಾಲವಾಗಿದ್ದರೂ ದೊಡ್ಡಪ್ಪ ರಸೀದಿ ಹರಿಯುತ್ತಿದ್ದುದು ಅವರ ಹೆಸರಿಗೇ. ಆ ರಸೀದಿಗಳನ್ನು ತಂದೆಯ ಫೋಟೋದ ಕೆಳಗಿನ ತಂತಿಗೆ ಚುಚ್ಚಿಡುವುದು ಮಕ್ಕಳ ರೂಢಿ. ತಂದೆಗೆ ಬಂದ ಕಾಗದವನ್ನು ತಂದೆಗೇ ಒಪ್ಪಿಸಿದ ಹಾಗೆ.

ನಾನು ಮೊದಲ ಸಲ ಅಲ್ಲಿಗೆ ಹೋದಾಗ ಅಣ್ಣ ಒಂದು ಉದ್ದನೆಯ ಚೌಕಟ್ಟನ್ನು ಮಳಿಗೆಯ ಗೋಡೆಯಿಂದ ಗೋಡೆಗೆ ಅಡ್ಡ ಮಲಗಿಸಿಕೊಂಡು ಒಂದು ತುದಿಯಲ್ಲಿ ಕೂತಿದ್ದರು. ತಮ್ಮ ಇನ್ನೊಂದು ತುದಿಯಲ್ಲಿ ಉಳಿ ಹಿಡಿದಿದ್ದರು. ಇಬ್ಬರಿಗೂ ಮಾತು ಬೇಕಿರಲಿಲ್ಲ. ಅಣ್ಣ ಕೈ ಚಾಚಿದರೆ ಸಾಕು, ಸುತ್ತಿಗೆಯೋ, ಮರ ನುಣುಪು ಮಾಡುವ ಕೀಸುಳಿಯೋ, ಬೇಕಾದ ಉಪಕರಣವನ್ನು ತಮ್ಮ ಇತ್ತ ತಳ್ಳುತ್ತಿದ್ದರು. ನಾನು ಬಂದ ಕಾರಣವನ್ನು ಸಾಕಷ್ಟು ವಿಸ್ತಾರವಾಗಿಯೇ ವಿವರಿಸಿ, ಬಾಡಿಗೆದಾರರ ಹೆಸರು ಯಾರದು ಬರೆದುಕೊಳ್ಳಲಿ ಎಂದು ಕೇಳಿದೆ.

"ಅಪ್ಪಂದೇ ಬರ್ಕಳಿ" ಎಂದರು ದೊಡ್ಡಾಚಾರ್ರು.

"ಅವರು ಈಗಿಲ್ಲವಲ್ಲ ಆಚಾರ್ರೆ."

"ಇಲ್ದೆ ಏನು? ಅಲ್ ಕುಂತವ್ರಲ್ಲ" ಎಂದು ಫೋಟೋದ ಕಡೆ ಉಳಿ ತೋರಿಸಿದರು.

ಆಧಾರ್ ಸಂಖ್ಯೆ ಬೇಕು, ಮೊಬೈಲಿಗೆ ಒಟಿಪಿ ಬರುತ್ತದೆ, ಜೀವಂತ ವ್ಯಕ್ತಿಯೇ ಆಗಬೇಕು ಎಂದೆ. ರಸೀದಿ ಅವರ ಹಕ್ಕು ಎಂಬುದನ್ನೂ ಮತ್ತೊಮ್ಮೆ ಹೇಳಿದೆ. ದೊಡ್ಡಾಚಾರ್ರು ಸ್ವಲ್ಪ ಯೋಚಿಸಿ, "ಅಂಗಾರೆ ತಮ್ಮಂದು ಬರ್ಕಳಿ. ಅವ್ನ್ ಫೋನೇ ಒಸಿ ಚೆಂದಾಗದೆ" ಎಂದರು.

"ಅಣ್ಣ ಇರೋವಾಗ ನಂದ್ಯಾಕೆ? ನಾಕ್ ಜನ ಏನಂದಾರು? ಅಣ್ಣಂದೇ ಬರ್ಕಳಿ" ಎಂದರು ಚಿಕ್ಕಾಚಾರ್ರು, ತಲೆಯೆತ್ತದೆ.

"ಲೇ, ಏಳಿದ್ ಕೇಳ್ಲಾ. ನಿಂದೇ ಕೊಡು."

"ನೀನೇ ಕೊಡಣ್ಣೋ, ಸಾಕು."

ಇಬ್ಬರೂ ಒಬ್ಬರನ್ನೊಬ್ಬರು ಮುಂದಕ್ಕೆ ತಳ್ಳುತ್ತ ನಗುತ್ತಿದ್ದರು. ಆ ತಿಂಗಳು ನಾನು ಕಂಡ ಅತ್ಯಂತ ಸುಲಭವಾದ ಬಾಡಿಗೆದಾರರು ಇವರೇ ಎಂದುಕೊಂಡು, ವಯಸ್ಸಿನ ನ್ಯಾಯದಂತೆ ದೊಡ್ಡಾಚಾರ್ರ ಹೆಸರನ್ನು ನಮೂದಿಸಿ ಬಂದೆ. ಮರುತಿಂಗಳು ಅವರ ಹೆಸರಿನ, ಅಚ್ಚುಕಟ್ಟಾಗಿ ಮುದ್ರಿತವಾದ ರಸೀದಿ ಆ ತಂತಿಯನ್ನು ಸೇರಿತು.

ಮುಂಗಾರು ಶುರುವಾಗುವ ಹೊತ್ತಿಗೆ ದೊಡ್ಡಾಚಾರ್ರು ಬಸ್ಸು ಹತ್ತಿ ಪಾಂಡವಪುರದ ನಮ್ಮ ಮನೆಗೇ ಬಂದರು. ಒಳಗೆ ಕರೆದರೂ ಬಾರದೆ ಜಗಲಿಯ ಮೇಲೆ ಕುಳಿತರು. ದೊಡ್ಡಪ್ಪ ಕುಂಟುತ್ತ ಹೊರಗೆ ಬಂದು, "ಏನ್ ಆಚಾರ್ರೆ, ನೀವೇ ಬಂದ್ಬುಟ್ರಿ?" ಎಂದರು.

"ತಮ್ಮ ಅಂಗ್ಡಿಗೆ ಬತ್ತಾ ಇಲ್ಲ ಗೌಡ್ರೆ" ಎಂದರು ಅವರು.

ನಡೆದದ್ದು ಹೀಗೆ. ಚಿಕ್ಕಾಚಾರ್ರ ಮಗಳಿಗೆ ನಾಗಮಂಗಲದ ಕಡೆಯ ಒಂದು ಸಂಬಂಧ ಬಂದಿತ್ತು. ಗಂಡಿನ ಕಡೆಯವರು ಹುಡುಗಿಯನ್ನು ನೋಡಿ ಒಪ್ಪಿ, ಹೋಗುವ ದಾರಿಯಲ್ಲಿ ಅಂಗಡಿಯನ್ನೂ ನೋಡಿಹೋಗೋಣವೆಂದು ಬಂದರು. ಅವರಲ್ಲೊಬ್ಬ ಓದು ಬಲ್ಲ ಹಿರಿಯ ತಂತಿಯಲ್ಲಿದ್ದ ರಸೀದಿಯನ್ನು ಓದಿ, "ಅಂಗ್ಡಿ ನಿಮ್ಮಣ್ಣಂದು. ನೀವು ಕೂಲಿಗೋ, ಪಾಲ್ಗೋ?" ಎಂದು ಕೇಳಿದನಂತೆ. ಅಲ್ಲಿಯವರೆಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಕೇಳಲು ದಾರಿಯೂ ಇರಲಿಲ್ಲ. ರಸೀದಿಯಲ್ಲಿ ತಂದೆಯ ಹೆಸರಿದ್ದಷ್ಟು ದಿನ ಇಬ್ಬರೂ ಆ ಮಳಿಗೆಯ ಮಕ್ಕಳು. ಈಗ ಒಬ್ಬ ಯಜಮಾನ, ಇನ್ನೊಬ್ಬ ಆಳು. ಚಿಕ್ಕಾಚಾರ್ರು ಉತ್ತರ ಕೊಡುವ ಮೊದಲೇ ದೊಡ್ಡಾಚಾರ್ರು, "ಎಲ್ಲಾದ್ರಲ್ಲೂ ಅರ್ಧ ಅವ್ನ್ದೇ" ಎಂದಿದ್ದರು. ಆದರೆ ಮಾತು ಬೇರೆ, ಮುದ್ರಿತ ಕಾಗದ ಬೇರೆ. ನಿಮ್ಮ ಪಾಲು ಏನೆಂದು ಸ್ಪಷ್ಟವಾದ ಮೇಲೆ ಮುಂದಿನ ಮಾತು ಆಡೋಣ ಎಂದು ಬೀಗರಾಗಬೇಕಾದವರು ಹೇಳಿ ಕಳಿಸಿದರು. ಮಾರನೆಯ ದಿನ ಚಿಕ್ಕಾಚಾರ್ರು ತಮ್ಮ ಉಳಿಗಳನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಮನೆಗೆ ಹೋದವರು ತಿರುಗಿ ಬಂದಿರಲಿಲ್ಲ.

"ಕ್ವಾಪ ಮಾಡ್ಕಂಡಿದ್ರೆ ಬೈದಾದ್ರೂ ಕರ್ಕಂಬತ್ತಿದ್ದೆ. ಕ್ವಾಪಾನೂ ಇಲ್ಲ. ಸುಮ್ಕೆ ಕುಂತವ್ನೆ" ಎಂದರು ದೊಡ್ಡಾಚಾರ್ರು. "ಒಬ್ನೇ ಚೌಕಟ್ಟು ಎತ್ತೋಕಾಗಲ್ಲ ಅವ್ವಾ. ಮೂರು ಮನೆ ಬಾಗ್ಲು ಅಂಗೇ ಬಿದ್ದವೆ. ನನ್ ಎಸ್ರು ತೆಗ್ದಾಕ್ಬುಡಿ. ಅಪ್ಪಂದೇ ಮಡಗಿ."

ತೆಗೆಯಲಾಗದು, ತೆಗೆದರೆ ಮಳಿಗೆ ಖಾಲಿಯೆಂದು ತೋರಿಸುತ್ತದೆ ಎಂದು ನಾನು ವಿವರಿಸತೊಡಗಿದೆ. ಸತ್ತವರ ಹೆಸರಿಗೆ ರಸೀದಿ ಕೊಡುವುದು ಸುಳ್ಳು ದಾಖಲೆ ಎಂದೂ ಹೇಳಿದೆ. ದೊಡ್ಡಪ್ಪ ಎಲೆಯಡಿಕೆಯ ತಟ್ಟೆಯನ್ನು ಪಕ್ಕಕ್ಕಿಟ್ಟು, "ಅಲ್ಲ ಕಣಮ್ಮಿ, ನಿನ್ ಮಿಸೀನಲ್ಲಿ ಮಾಲೀಕರು ಅನ್ನೋ ಜಾಗ ಇಲ್ವಾ?" ಎಂದರು.

"ಇದೆ."

"ಅದ್ರಲ್ಲಿ ಯಾರ್ ಎಸ್ರು ಆಕಿದ್ದೀ?"

"ತಾತನದು" ಎಂದೆ. ಆಸ್ತಿ ಇನ್ನೂ ಭಾಗವಾಗಿಲ್ಲ. ಕಂದಾಯದ ಕಾಗದಗಳೆಲ್ಲ ತಾತನ ಹೆಸರಿನಲ್ಲೇ ಇವೆ. ಆ ಜಾಗಕ್ಕೆ ಆಧಾರ್ ಬೇಕಿರಲಿಲ್ಲವಾದ್ದರಿಂದ ನಾನು ಅವರ ಹೆಸರನ್ನೇ ಬರೆದಿದ್ದೆ. ತಾತ ತೀರಿಕೊಂಡದ್ದು ನಾನು ಹುಟ್ಟುವ ಮೊದಲು.

"ನಮ್ಮಪ್ಪ ಸತ್ತೂ ಬಾಡ್ಗೆ ಇಸ್ಕಬೌದು, ಇವ್ರಪ್ಪ ಸತ್ತು ಬಾಡ್ಗೆ ಕೊಡಂಗಿಲ್ಲ. ಚೆಂದಾಗದೆ ನಿನ್ ನ್ಯಾಯ" ಎಂದು ದೊಡ್ಡಪ್ಪ ನಕ್ಕರು. ದೊಡ್ಡಾಚಾರ್ರು ನಗಲಿಲ್ಲ. ಚರ್ಚೆಯ ನಿಯಮದ ಪ್ರಕಾರ ಅದು ವಿಷಯಾಂತರ. ತಾತನ ಹೆಸರು ತಪ್ಪಾಗಿದ್ದ ಮಾತ್ರಕ್ಕೆ ಇನ್ನೊಂದು ತಪ್ಪು ಸರಿಯಾಗುವುದಿಲ್ಲ. ಇದನ್ನು ನಾನು ಸರಿಯಾದ ಕ್ರಮದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಅವರಿಬ್ಬರೂ ಮಳೆಯ ಮಾತಿಗೆ ಹೊರಳಿದ್ದರು.

ಎರಡೂ ಹೆಸರನ್ನು ಬರೆದರಾಯಿತಲ್ಲ ಎಂದು ಯಾರಿಗಾದರೂ ಹೊಳೆಯುತ್ತದೆ. ನನಗೂ ಹೊಳೆದಿತ್ತು. ಒಂದು ಹೆಸರು, ಅಡ್ಡಗೆರೆ, ಇನ್ನೊಂದು ಹೆಸರು ಎಂದು ಬರೆದೆ. ಅಡ್ಡಗೆರೆ ನಿಷಿದ್ಧ ಎಂದಿತು ತಂತ್ರಾಂಶ. 'ಮತ್ತು' ಎಂದು ಸೇರಿಸಿದೆ. ಹೆಸರು ಆಧಾರಿನೊಂದಿಗೆ ಹೊಂದುತ್ತಿಲ್ಲ ಎಂದಿತು. ಸಂಸ್ಥೆಗೆ ಫೋನು ಮಾಡಿದಾಗ ಸಹಾಯವಾಣಿಯ ವ್ಯಕ್ತಿ ಎಂದಿನಂತೆ ಬಹಳ ವಿನಯದಿಂದಿದ್ದ. ಅವನ ವಿನಯ ನನ್ನನ್ನು ಕೆರಳಿಸಿದಷ್ಟು ಯಾರ ಒರಟುತನವೂ ಕೆರಳಿಸಿಲ್ಲ.

"ಮೇಡಂ, ಒಂದು ಯೂನಿಟ್ಟಿಗೆ ಒಬ್ಬರೇ ಟೆನೆಂಟು."

"ಇಬ್ಬರು ಒಂದೇ ಮಳಿಗೆಯಲ್ಲಿ ಕೆಲಸ ಮಾಡುತ್ತಾರೆ. ಲೋಕದಲ್ಲಿ ಹೀಗೆ ಇರುವುದುಂಟು."

"ಅರ್ಥ ಆಗುತ್ತೆ ಮೇಡಂ. ಒಬ್ಬರನ್ನು ಟೆನೆಂಟ್ ಅಂತ ಹಾಕಿ, ಇನ್ನೊಬ್ಬರನ್ನು ಸ್ಟಾಫ್ ಅಂತ ತೋರಿಸಬಹುದು."

"ಅವರು ಆಳಲ್ಲ ಎಂದೇ ನಾನು ಇಷ್ಟು ಹೊತ್ತು ಹೇಳುತ್ತಿರುವುದು."

"ಸರಿ ಮೇಡಂ. ಹಾಗಾದರೆ ಯೂನಿಟ್ಟನ್ನು ಎರಡು ಮಾಡಿಬಿಡಿ. ಅ ಮತ್ತು ಆ. ಇಬ್ಬರಿಗೂ ಬೇರೆ ಬೇರೆ ರಸೀದಿ ಬರುತ್ತೆ. ಮಧ್ಯೆ ಒಂದು ಪಾರ್ಟಿಶನ್ ಇರಬೇಕು, ಎರಡು ಕಡೆಯದೂ ಫೋಟೋ ಬೇಕು, ಅಷ್ಟೆ."

ಅಷ್ಟೆ! ಒಂದು ಗೋಡೆ, ಅಷ್ಟೆ. ಜಂಟಿ ಹೆಸರಿನ ಸೌಲಭ್ಯ ಮುಂದಿನ ಆವೃತ್ತಿಯಲ್ಲಿ ಬರಬಹುದು ಎಂದೂ ಅವನು ಸಮಾಧಾನ ಹೇಳಿದ. ಆ ಆವೃತ್ತಿಯನ್ನು ನಾನು ಇವತ್ತಿಗೂ ಕಾಯುತ್ತಿದ್ದೇನೆ.

ನಾನು ಚಿಕ್ಕಾಚಾರ್ರನ್ನು ನೋಡಲು ಅವರ ಮನೆಗೇ ಹೋದೆ. ಹೇಮಗಿರಿಯ ದಾರಿಯಲ್ಲಿ, ಹೊಳೆಯ ಕಡೆಗೆ ಇಳಿಯುವ ಒಂದು ಬೀದಿಯಲ್ಲಿ ಮನೆ. ಅವರು ಹಿತ್ತಿಲಲ್ಲಿ ಕುಳಿತು ಯಾರದೋ ಮುರಿದ ತೊಟ್ಟಿಲಿಗೆ ಕಾಲು ಹಾಕುತ್ತಿದ್ದರು. ಅವರ ಹೆಂಡತಿ ಕಾಫಿ ತಂದಿಟ್ಟು, "ನಮ್ ಕೂಸಿನ್ ಮದ್ವೆ ನಿಮ್ ಕಂಪ್ಯೂಟ್ರಲ್ಲಿ ಸಿಕ್ಕಾಕ್ಕಂಡದೆ ಕಣವ್ವ. ಒಸಿ ಬುಡ್ಸಿ ಕೊಡಿ" ಎಂದರು. ಅದರಲ್ಲಿ ವ್ಯಂಗ್ಯವಿತ್ತೋ ಬೇಡಿಕೆಯಿತ್ತೋ ನನಗೆ ತಿಳಿಯಲಿಲ್ಲ.

ಚಿಕ್ಕಾಚಾರ್ರು ಹೇಳಿದರು: "ನಂಗೆ ಅಣ್ಣನ್ ಮ್ಯಾಲೆ ಏನೂ ಇಲ್ಲ. ನೀವು ಕೇಳ್ದಾಗ ಅವ್ನ್ ಎಸ್ರು ಕೊಡು ಅಂದೋನೇ ನಾನು. ಆದ್ರೆ ಬೀಗ್ರು ಕೇಳ್ದಾಗ ಎಲ್ಲಾರ್ ಮುಂದೆ ಅಣ್ಣ ನನ್ ಪರವಾಗಿ ಮಾತಾಡ್ಬೇಕಾಯ್ತಲ್ಲ. ಅದು ನಂಗೆ ಸಯಿಸ್ಲಿಲ್ಲ. ನನ್ ಅಂಗ್ಡೀಲಿ ನಂದು ಅಂತ ಇನ್ನೊಬ್ರು ಏಳ್ಬೇಕಾ?"

ನಾನು ಎರಡು ಭಾಗ ಮಾಡುವ ಮಾತನ್ನು ಅತ್ಯಂತ ಸಂಕೋಚದಿಂದ ಹೇಳಿದೆ. ಅದರ ಅನುಕೂಲ, ಅನನುಕೂಲಗಳೆರಡನ್ನೂ ಪಕ್ಷಪಾತವಿಲ್ಲದೆ ಮುಂದಿಟ್ಟೆ. ಮದುವೆಯ ಮಾತು ಮುಂದುವರಿಯುತ್ತದೆ. ಆದರೆ ಮಳಿಗೆಯ ನಡುವೆ ಗೋಡೆ ಬರುತ್ತದೆ. ಗೋಡೆ ಬಂದರೆ ಉದ್ದನೆಯ ಚೌಕಟ್ಟನ್ನು ಮಲಗಿಸಲು ಎರಡು ಕಡೆಯೂ ಜಾಗವಿರುವುದಿಲ್ಲ. ಅಂದರೆ ಒಟ್ಟಿಗೆ ಮಾಡುವ ಕೆಲಸವೇ ನಿಂತುಹೋಗುತ್ತದೆ. ಅವರು ತೊಟ್ಟಿಲನ್ನು ಒಮ್ಮೆ ತೂಗಿ ನೋಡಿದರು.

"ಎಂಥಾ ಗ್ವಾಡೆ ಅಂತ ಏನಾರಾ ಏಳವ್ರಾ?"

"ಎಂಥದಾದರೂ ಆಗಬಹುದು. ನೆಲದಿಂದ ತೊಲೆಯವರೆಗೆ ಇರಬೇಕು, ಅಷ್ಟೆ."

ಸಹಾಯವಾಣಿಯವನ 'ಅಷ್ಟೆ' ನನ್ನ ಬಾಯಿಗೂ ಬಂದುಬಿಟ್ಟಿತ್ತು. ಅಣ್ಣನನ್ನು ಕೇಳಿ ಹೇಳುತ್ತೇನೆ ಎಂದರು ಚಿಕ್ಕಾಚಾರ್ರು. ಅಣ್ಣನನ್ನು ಕೇಳಲು ಹೋದವರು ಅಲ್ಲೇ ಕೆಲಸಕ್ಕೆ ಕುಳಿತರೆಂದು ಮೂರನೆಯವರಿಂದ ತಿಳಿಯಿತು. ಅಷ್ಟರಮಟ್ಟಿಗೆ ನನಗೆ ನೆಮ್ಮದಿ. ಆದರೆ ಮುಂದಿನ ವಾರ ದೊಡ್ಡಾಚಾರ್ರು ಫೋನು ಮಾಡಿ, "ಗ್ವಾಡೆ ಆಗದೆ, ಬಂದು ಫೋಟೋ ತಕ್ಕಳಿ" ಎಂದಾಗ ಯಾಕೋ ನಾನು ಎರಡು ಬಸ್ಸುಗಳನ್ನು ಹತ್ತದೆ ಬಿಟ್ಟೆ. ದೊಡ್ಡಪ್ಪ ಜಗಲಿಯಿಂದಲೇ, "ಓಗಮ್ಮಿ, ಓಗು. ಅಣ್ತಮ್ಮಂದಿರ್ ಮಧ್ಯ ಗ್ವಾಡೆ ಆಕ್ಸಿದ್ದೀಯ, ಒಸಿ ಗಟ್ಟಿಯಾಗದಾ ಅಂತ ತಟ್ಟಿ ನೋಡ್ಕಬಾ" ಎಂದರು. ನಾನು ವಾದಕ್ಕೆ ನಿಲ್ಲದೆ ಮೂರನೆಯ ಬಸ್ಸು ಹತ್ತಿದೆ. ಚರ್ಚಾಸ್ಪರ್ಧೆಯಲ್ಲಿರುವಂತೆ ಅವರಿಗೆ ಸಮಯದ ಮಿತಿ ವಿಧಿಸುವ ಅಧ್ಯಕ್ಷರು ಯಾರೂ ಇರಲಿಲ್ಲ.

ಗೋಡೆ ಇತ್ತು. ಅಗಲ ಕಿರಿದಾದ, ಎತ್ತರದ ಮರದ ಹಲಗೆಗಳು ಒಂದರ ಪಕ್ಕ ಒಂದು, ಕೂದಲೆಳೆಯೂ ತೂರದಂತೆ, ಮಳಿಗೆಯನ್ನು ಮುಂದಿನಿಂದ ಹಿಂದಿನವರೆಗೆ ಸರಿಯಾಗಿ ಎರಡು ಮಾಡಿ ನಿಂತಿದ್ದವು. ಹಲಗೆಗಳು ಹೊಸವಲ್ಲ. ಎಣ್ಣೆ ಕುಡಿದು ಕಪ್ಪಾಗಿದ್ದವು. ಪ್ರತಿಯೊಂದರ ತಲೆಯಲ್ಲೂ ಉಳಿಯಿಂದ ಕೆತ್ತಿದ ಗುರುತುಗಳಿದ್ದವು. ಕೇಳಿದಾಗ, ಅವು ಅಂಗಡಿಗೆ ಶಟರು ಬರುವುದಕ್ಕೆ ಮುಂಚೆ ತಂದೆ ಮಾಡಿದ್ದ ಹಲಗೆಬಾಗಿಲು, ಇಷ್ಟು ದಿನ ಅಟ್ಟದ ಮೇಲಿದ್ದವು ಎಂದು ದೊಡ್ಡಾಚಾರ್ರು ಹೇಳಿದರು. ನಾನು ಬೇಗಬೇಗ ಆ ಕಡೆಯದೊಂದು, ಈ ಕಡೆಯದೊಂದು ಫೋಟೋ ತೆಗೆದೆ. ಅಣ್ಣ ಅವರ ಅರ್ಧದಲ್ಲಿ ಕೈಕಟ್ಟಿ ನಿಂತಿದ್ದರು, ತಮ್ಮ ಅವರ ಅರ್ಧದಲ್ಲಿ ಕೈಕಟ್ಟಿ ನಿಂತಿದ್ದರು. ತಂದೆಯ ಫೋಟೋ ಅಣ್ಣನ ಪಾಲಿನ ಗೋಡೆಯಲ್ಲಿತ್ತು. ತಂತ್ರಾಂಶ ಕೂಡಲೇ ಎರಡೂ ಭಾಗಗಳನ್ನು ಹಸಿರು ಬಣ್ಣದಲ್ಲಿ ತೋರಿಸಿ ಅಭಿನಂದನೆ ಹೇಳಿತು. ನಾನು ಕಾಫಿಗೂ ನಿಲ್ಲದೆ ಬಸ್‌ಸ್ಟ್ಯಾಂಡಿನ ಕಡೆ ನಡೆದೆ.

ಎರಡು ರಸೀದಿ ಬಂದವು. ಚಿಕ್ಕಾಚಾರ್ರ ಹೆಸರಿನದನ್ನು ಬೀಗರು ಓದಿಕೊಂಡರು, ಮದುವೆಯೂ ಆಯಿತು. ನಮ್ಮ ಮನೆಗೆ ಬಂದ ಲಗ್ನಪತ್ರಿಕೆಯ ಮೇಲೆ ದೊಡ್ಡಪ್ಪನ ಹೆಸರಿತ್ತು, ನನ್ನದಿರಲಿಲ್ಲ. ಊಟಕ್ಕೆ ಹೋಗಿ ಬಂದ ದೊಡ್ಡಪ್ಪ, "ದೊಡ್ಡಾಚಾರ್ರೇ ನಿಂತು ಮದ್ವೆ ಮಾಡ್ದ್ರು" ಎಂದಷ್ಟೇ ಹೇಳಿ, ಗೋಡೆಯ ಮಾತೆತ್ತದೆ ನನ್ನನ್ನು ಇನ್ನಷ್ಟು ಹಿಂಸಿಸಿದರು.

ಅದಾದ ಮೇಲೆ ಒಂದು ದಿನ ತಂತ್ರಾಂಶ ಹೊಸದೊಂದು ಆಜ್ಞೆ ಹೊರಡಿಸಿತು. ವಿಭಾಗಿಸಿದ ಮಳಿಗೆಗಳನ್ನು ಆಗಾಗ ಸ್ಥಳದಲ್ಲೇ ನಿಂತು ಪರಿಶೀಲಿಸಿ ಖಚಿತಪಡಿಸಬೇಕು; ಇಲ್ಲವಾದರೆ ಎರಡೂ ಭಾಗಗಳು ತಾವಾಗಿಯೇ ಒಂದಾಗಿ, ಮೊದಲ ಹೆಸರಿಗೆ ಸೇರಿಹೋಗುತ್ತವೆ. ಅಂದರೆ ಮತ್ತೆ ಅಣ್ಣ ಯಜಮಾನ, ತಮ್ಮ ಆಳು. ನಾಗಮಂಗಲಕ್ಕೆ ಬೇರೆ ಕೆಲಸದ ಮೇಲೆ ಹೋಗಿದ್ದವಳು, ಅಲ್ಲಿಂದ ನೇರವಾಗಿ, ಯಾರಿಗೂ ಹೇಳದೆ, ಕೆ.ಆರ್. ಪೇಟೆಯ ಬಸ್ಸು ಹತ್ತಿದೆ.

ಮಳಿಗೆಯ ಮುಂದೆ ನಿಂತಾಗ ಬೇರೆ ಯಾವುದೋ ಅಂಗಡಿಗೆ ಬಂದೆನೇ ಎನಿಸಿತು. ಗೋಡೆ ಇರಲಿಲ್ಲ. ಒಂದು ಚೌಕಟ್ಟು ಈ ಗೋಡೆಯಿಂದ ಆ ಗೋಡೆಗೆ ಅಡ್ಡ ಮಲಗಿತ್ತು. ಒಂದು ತುದಿಯಲ್ಲಿ ಅಣ್ಣ, ಇನ್ನೊಂದು ತುದಿಯಲ್ಲಿ ತಮ್ಮ. ಹಲಗೆಗಳು ಹಿಂಬದಿಯ ಗೋಡೆಗೆ ಒರಗಿಕೊಂಡು, ಗುರುತುಗಳ ಕ್ರಮದಲ್ಲಿ ಒಂದರ ಹಿಂದೊಂದು ನಿಂತಿದ್ದವು. ನೆಲದಲ್ಲಿ ಮತ್ತು ತೊಲೆಯಲ್ಲಿ ಅವು ಕೂರಲು ಕೊರೆದ ಸೀಳುಗಳು ಮಾತ್ರ ಎರಡು ಗೆರೆಗಳ ಹಾಗೆ ಉಳಿದಿದ್ದವು.

"ಗೋಡೆ ಎಲ್ಲಿ ಆಚಾರ್ರೆ?" ಎಂದೆ. ನನ್ನ ದನಿ ನನಗೇ ಕರ್ಕಶವಾಗಿ ಕೇಳಿಸಿತು.

ಇಬ್ಬರೂ ಬೆಚ್ಚಿ ಎದ್ದರು. "ಅಯ್ಯೋ, ಬತ್ತೀನಿ ಅಂತ ಒಂದು ಫೋನ್ ಮಾಡಿದ್ರೆ ಆಕ್ಬುಡ್ತಿದ್ವಲ್ಲ ಮೇಡಮ್ಮೋರೆ!" ಎಂದರು ದೊಡ್ಡಾಚಾರ್ರು, ನಿಜವಾದ ಬೇಸರದಿಂದ.

"ಹಾಗಾದರೆ ಅದು ಅವತ್ತೊಂದು ದಿನಕ್ಕೆ ಮಾತ್ರ ಇತ್ತೇ?"

"ಇಲ್ಲ ಇಲ್ಲ, ಬೀಗ್ರು ಬಂದಾಗ್ಲೂ ಆಕಿದ್ವಿ" ಎಂದರು ಚಿಕ್ಕಾಚಾರ್ರು. "ಅಂಗ್ಡಿ ಬಾಗ್ಲು ಅಲ್ವಾ ಅದು? ಬೇಕಾದಾಗ ಆಕೋದು, ಬ್ಯಾಡ್ದಾಗ ತೆಗ್ಯೋದು. ನೀವು ಗ್ವಾಡೆ ಅಂದ್ರಿ. ಯಾವಾಗ್ಲೂ ನಿಂತಿರ್ಬೇಕು ಅನ್ಲಿಲ್ಲ."

ಅಷ್ಟು ದಿನ ಆ ಗೋಡೆಯ ಭಾರವನ್ನು ಒಬ್ಬಳೇ ಹೊತ್ತುಕೊಂಡು ತಿರುಗಿದ್ದೆನಲ್ಲ! ನಿಟ್ಟುಸಿರು ಬಿಡಬೇಕಾದ ಜಾಗದಲ್ಲಿ ನನಗೆ ಬಂದದ್ದು ಸಿಟ್ಟು. ಇದು ಸುಳ್ಳು ಎಂದೆ. ದಾಖಲೆಯಲ್ಲಿ ಎರಡು ಮಳಿಗೆ, ನೆಲದ ಮೇಲೆ ಒಂದು. ಇದಕ್ಕೂ ಹಳೆಯ ಪುಸ್ತಕಕ್ಕೂ ಏನು ವ್ಯತ್ಯಾಸ ಎಂದೆ. ಈಗ ಇಲ್ಲಿ ನಿಂತು ಗೋಡೆ ಇದೆಯೇ ಇಲ್ಲವೇ ಎಂದು ನಾನು ಗುರುತು ಹಾಕಬೇಕು. ಹೌದು ಎಂದರೆ ನಾನು ಸುಳ್ಳಿ. ಇಲ್ಲ ಎಂದರೆ ಚಿಕ್ಕಾಚಾರ್ರ ಹೆಸರು ಹೋಗುತ್ತದೆ. ಇವೆರಡರ ನಡುವೆ ಮೂರನೆಯ ಜಾಗವನ್ನು ಆ ಯಂತ್ರ ಕೊಟ್ಟಿಲ್ಲ ಎಂದು ಮೊಬೈಲನ್ನು ಅವರ ಮುಖದ ಮುಂದೆ ಹಿಡಿದೆ.

ದೊಡ್ಡಾಚಾರ್ರು ಕನ್ನಡಕ ಏರಿಸಿಕೊಂಡು ಆ ಪರದೆಯನ್ನು ನೋಡಿದರು. "ಈಗ, ಈ ಗಳಿಗೇಲಿ ಗ್ವಾಡೆ ಅದಾ ಅಂತ ತಾನೇ ಕೇಳ್ತಿರೋದು?"

"ಹೌದು."

"ಅಷ್ಟೇಯಾ? ಲೇ, ಇಡ್ಕಳ್ಲಾ ಆ ಕಡೆ" ಎಂದರು ತಮ್ಮನಿಗೆ.

ಚೌಕಟ್ಟನ್ನು ಇಬ್ಬರೂ ಎತ್ತಿ ಹೊರಗೆ ಬೀದಿಯಲ್ಲಿಟ್ಟರು. ಆಮೇಲೆ ಹಲಗೆಗಳು ಬಂದವು. ಗುರುತು ನೋಡುವ ಗೋಜಿಲ್ಲದೆ ಅಣ್ಣ ಒಂದೊಂದನ್ನೇ ಎತ್ತಿಕೊಟ್ಟರು. ತಮ್ಮ ಮೇಲಿನ ಸೀಳಿಗೆ ತೂರಿಸಿ, ಕೆಳಗಿನದಕ್ಕೆ ಇಳಿಸಿ, ಅಂಗೈಯಿಂದ ತಟ್ಟಿ ಸರಿಸಿದರು. ಅಡಿಯಲ್ಲಿ ಸಿಕ್ಕ ಮರದ ಹೊಟ್ಟನ್ನು ಊದಿ ತೆಗೆಯಲು ಒಮ್ಮೆ ನಿಂತರು. ಪಕ್ಕದ ಅಂಗಡಿಯ ಸೈಕಲ್ ರಿಪೇರಿಯವನು ಇತ್ತ ಇಣುಕಿ, "ಏನ್ ಆಚಾರ್ರೆ, ಇವತ್ತು ಯಾರ್ ಬಂದವ್ರೆ?" ಎಂದ.

"ಬಾಡ್ಗೆಯೋರು ಕಣಯ್ಯ. ನಿನ್ ಕೆಲ್ಸ ನೋಡ್ಕ" ಎಂದರು ದೊಡ್ಡಾಚಾರ್ರು.

ಕೊನೆಯ ಹಲಗೆ ಕೂರುವ ಮೊದಲು ಇಬ್ಬರೂ ತಮ್ಮ ತಮ್ಮ ಪಾಲಿಗೆ ಸರಿದರು. ಅಣ್ಣ ಆ ಕಡೆ, ತಮ್ಮ ಈ ಕಡೆ. ಹಲಗೆ ಇಳಿದು ಕೂತ ಸದ್ದಾಯಿತು. ನಾನು ಬಾಗಿಲಲ್ಲಿ ನಿಂತು ಕೈಯಿಂದಲೇ ಗೋಡೆಯನ್ನು ತಟ್ಟಿ ನೋಡಿದೆ. ಗಟ್ಟಿಯಾಗಿತ್ತು. ಎರಡು ಕಡೆಯದೂ ಫೋಟೋ ತೆಗೆದೆ. ಗೋಡೆ ಇದೆಯೇ ಎಂಬ ಪ್ರಶ್ನೆಗೆ ಹೌದು ಎಂದು ಗುರುತು ಹಾಕಿದೆ. ಆ ಗಳಿಗೆಯಲ್ಲಿ ಅದು ಅಪ್ಪಟ ನಿಜ. ಯಾವ ವೇದಿಕೆಯ ಮೇಲೂ ನಾನದನ್ನು ಸಮರ್ಥಿಸಬಲ್ಲೆ. ಬಸ್‌ಸ್ಟ್ಯಾಂಡಿನ ಕಡೆಯಿಂದ ಸಿಗ್ನಲ್ ಬರುವುದು ನಿಧಾನ. ಫೋಟೋ ಮೇಲೇರುವ ಚಕ್ರ ಸುತ್ತುತ್ತಲೇ ಇತ್ತು. ಹೊರಗೆ ಬೀದಿಯಲ್ಲಿಟ್ಟ ಚೌಕಟ್ಟನ್ನು ಒಂದು ಎತ್ತಿನಗಾಡಿ ಬಳಸಿಕೊಂಡು ಹೋಯಿತು.

ಹಲಗೆಗಳ ಆಚೆಯಿಂದ ದೊಡ್ಡಾಚಾರ್ರ ದನಿ ಬಂತು. "ಆಯ್ತಾ ಮೇಡಮ್ಮೋರೆ?"

"ಇನ್ನೂ ಸುತ್ತುತ್ತಿದೆ. ತಡೆಯಿರಿ."

"ಲೇ, ಅಲ್ ಅದೀಯೇನ್ಲಾ?" ಎಂದರು ತಮ್ಮನಿಗೆ,  ಹಲಗೆಯ ಮೂಲಕವೇ.

"ಇವ್ನಿ ಕಣಣ್ಣೋ. ಎಲ್ಲಿಗ್ ಓಗ್ಲಿ?"

"ಕೀಸುಳಿ ನಿನ್ನತ್ರನೇ ಉಳ್ಕಂತಲ್ಲೋ."

ಪರದೆ ಹಸಿರಾಯಿತು. ಎರಡೂ ಹೆಸರು ಒಂದರ ಕೆಳಗೊಂದು ಭದ್ರವಾಗಿ ನಿಂತವು. ನಾನು ಮೊಬೈಲನ್ನು ಕೈಚೀಲಕ್ಕೆ ಹಾಕಿದೆ.

"ಆಯ್ತು ಆಚಾರ್ರೆ" ಎಂದೆ. "ತೆಗೆಯಿರಿ."